ಬೆಳ್ಳುಳ್ಳಿ, ಮೆಂತ್ಯ, ಅರಿಶಿನ, ನುಗ್ಗೆ, ಅಜೋಲ್ಲಾ: ನಿಮ್ಮ ಹೊಂಡದ ಮೀನಿಗೆ ಯಾವುದು ಬೇಕು?

ಹೋದ ಮಳೆಗಾಲದಲ್ಲಿ ಪಕ್ಕದೂರಿನ ರೈತರೊಬ್ಬರು ನಮ್ಮ ಹೊಂಡದ ಏರಿ ಮೇಲೆ ಕೂತು ಕೇಳಿದರು, "ಅಣ್ಣಾ, ಬೆಳ್ಳುಳ್ಳಿ ಹಾಕಿದ್ರೆ ಮೀನು ಬೇಗ ಬೆಳೆಯುತ್ತಂತೆ. ಎಕರೆಗೆ ಎಷ್ಟು ಹಾಕ್ಬೇಕು?" ಈಗ ಏನು ಹಾಕ್ತಾ ಇದ್ದೀರಿ ಎಂದೆ. ಬರೀ ತೌಡು, ಆಗಾಗ ಒಂದಿಷ್ಟು ಸಗಣಿ ಎಂದರು. ಹಾಗಾದರೆ ಬೆಳ್ಳುಳ್ಳಿಗೆ ಇಟ್ಟ ದುಡ್ಡಲ್ಲಿ ಕಡಲೆಕಾಯಿ ಹಿಂಡಿ ತಗೊಳ್ಳಿ ಎಂದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ನಾನು ಇವತ್ತಿಗೂ ಹೇಳುವುದು ಅದನ್ನೇ.

ಸೊಪ್ಪು, ಬೇರು, ಸಂಬಾರ ಪದಾರ್ಥ ಎಲ್ಲ ಊಟದ ಎಲೆಯ ಉಪ್ಪಿನಕಾಯಿ ಇದ್ದ ಹಾಗೆ. ಅನ್ನವೇ ಇಲ್ಲದ ಎಲೆಗೆ ಉಪ್ಪಿನಕಾಯಿ ಬಡಿಸಿದರೆ ಹೊಟ್ಟೆ ತುಂಬುತ್ತದೆಯೇ? ಕಟ್ಲಾ, ರೋಹು, ಸಾಮಾನ್ಯ ಗೆಂಡೆ ಚೆನ್ನಾಗಿ ಬೆಳೆಯಲು ಆಹಾರದಲ್ಲಿ ನೂರಕ್ಕೆ 25ರಿಂದ 30 ಪಾಲು ಪ್ರೋಟೀನ್ ಬೇಕು. ತೌಡಿನಲ್ಲಿ ಇರುವುದು 12-14 ಪಾಲು. ಕಡಲೆಕಾಯಿ ಹಿಂಡಿಯಲ್ಲಿ 40ರ ಮೇಲೆ. ಎರಡನ್ನೂ ಸಮಸಮ ಬೆರೆಸಿದರೆ ಸುಮಾರು 27ಕ್ಕೆ ಬರುತ್ತದೆ. ನಮ್ಮ ಹಿರಿಯ ಮೀನು ಕೃಷಿಕರು ಅರ್ಧ ತೌಡು, ಅರ್ಧ ಹಿಂಡಿ ಎಂದು ಲೆಕ್ಕ ಇಟ್ಟುಕೊಂಡಿದ್ದು ಸುಮ್ನೆ ಅಲ್ಲ. ಈ ಲೆಕ್ಕ ಸರಿಯಿದ್ದು, ನೀರೂ ಸರಿಯಿದ್ದರೆ ಮಾತ್ರ ಮುಂದಿನದ್ದನ್ನು ಓದಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದಕ್ಕೆ ಬೇಕಾದ್ದು ಆಮ್ಲಜನಕ. ಮೆಂತ್ಯದಿಂದ ಅದು ಸಿಗುವುದಿಲ್ಲ.

ಇನ್ನೊಂದು ಮಾತು. ಗಿಡಮೂಲಿಕೆ ಅಂದರೆ ಅಪಾಯವೇ ಇಲ್ಲ ಎಂದು ತುಂಬಾ ಜನ ನಂಬಿದ್ದಾರೆ. ಹೊಂಡದಲ್ಲಿ ಬೇಡದ ಮೀನು ಕೊಲ್ಲಲು ನಾವು ಬಳಸುವುದು ಏನು? ಹಿಪ್ಪೆ ಹಿಂಡಿ. ಒಂದು ಮೀಟರ್ ಆಳದ ನೀರಿಗೆ ಹೆಕ್ಟೇರಿಗೆ 2,000ದಿಂದ 2,500 ಕಿಲೋ ಹಾಕಿದರೆ ಮೀನೆಲ್ಲ ಮೇಲೆ ತೇಲುತ್ತದೆ. ಕೊಲ್ಲುವುದು ಅದರಲ್ಲಿರುವ ಸಪೋನಿನ್. ನೀರಿಗೆ ಹಾಕಿ ಕಲಕಿದರೆ ಸೀಗೆಕಾಯಿ ಹಾಗೆ ನೊರೆ ಬರುವ ವಸ್ತು ಅದು. ಮೆಂತ್ಯದಲ್ಲೂ, ನುಗ್ಗೆ ಸೊಪ್ಪಿನಲ್ಲೂ ಇದೇ ಗುಂಪಿನ ವಸ್ತುಗಳು ಸ್ವಲ್ಪ ಸ್ವಲ್ಪ ಇವೆ. ಸ್ವಲ್ಪ ಇದ್ದಾಗ ಕರುಳಿಗೆ ಒಳ್ಳೆಯದು, ಜಾಸ್ತಿಯಾದರೆ ಬೆಳವಣಿಗೆಗೇ ಕುತ್ತು. ಬೇವಿನ ಹಿಂಡಿ, ಹೊಂಗೆ ಹಿಂಡಿಯನ್ನಂತೂ ತಿನ್ನಿಸುವ ಯೋಚನೆಯೇ ಬೇಡ. ಅವು ಗದ್ದೆಗೆ, ತೋಟಕ್ಕೆ ಸರಿ.

ಒಂದು ಹೊಂಡದ ಲೆಕ್ಕ

ಹೋಲಿಸಲು ಒಂದು ಅಳತೆ ಬೇಕಲ್ವಾ? ಒಂದು ಎಕರೆ ಹೊಂಡ ಅಂದುಕೊಳ್ಳೋಣ. 3,000 ಮೀನು, ಒಂದೊಂದು ಸರಾಸರಿ 300 ಗ್ರಾಂ. ಒಟ್ಟು 900 ಕಿಲೋ. ದಿನಕ್ಕೆ ಮೈತೂಕದ ನೂರಕ್ಕೆ 2 ಪಾಲಿನಂತೆ 18 ಕಿಲೋ ಆಹಾರ. ಆಹಾರ ಕಿಲೋಗೆ 40 ರೂಪಾಯಿ ಎಂದು ಹಿಡಿದರೆ ದಿನದ ಖರ್ಚು 720 ರೂಪಾಯಿ. ಕೆಳಗಿನ ಲೆಕ್ಕವೆಲ್ಲ ಈ ಹೊಂಡದ ಮೇಲೆ. ನಿಮ್ಮೂರಿನ ಸಂತೆ ರೇಟು ಹಾಕಿಕೊಂಡು ನೀವೇ ತಿದ್ದಿಕೊಳ್ಳಿ.

ಬೆಳ್ಳುಳ್ಳಿಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಒಣಪುಡಿ ಲೆಕ್ಕದಲ್ಲಿ ಆಹಾರದ ನೂರಕ್ಕೆ 1 ಪಾಲು ಹಾಕಿದರೆ ದಿನಕ್ಕೆ 180 ಗ್ರಾಂ. ಹಸಿ ಬೆಳ್ಳುಳ್ಳಿಯಾದರೆ ಸುಮಾರು ಅರ್ಧ ಕಿಲೋ. ಕಿಲೋಗೆ 200 ರೂಪಾಯಿ ಇದ್ದಾಗ ದಿನಕ್ಕೆ 100 ರೂಪಾಯಿ. ಅಂದರೆ ಆಹಾರದ ಖರ್ಚಿನ ಏಳರಲ್ಲಿ ಒಂದು ಪಾಲು! ತಿಂಗಳಿಗೆ 3,000. ವರ್ಷವಿಡೀ ಹಾಕುತ್ತೇನೆ ಎಂದರೆ ಆ ದುಡ್ಡು ವಾಪಸ್ ಬರುವುದು ಕಷ್ಟ.

ಹಾಗಾದರೆ ಬೆಳ್ಳುಳ್ಳಿ ಬೇಡವೇ? ಬೇಕು, ಆದರೆ ಹೊತ್ತು ನೋಡಿ. ಮರಿ ಬಿಟ್ಟ ಮೊದಲ ಹತ್ತು ದಿನ, ಬಲೆ ಎಳೆದು ಮೀನು ಗಾಬರಿಯಾದ ಮೇಲೆ, ಡಿಸೆಂಬರ್‌ನಲ್ಲಿ ನೀರು ತಣ್ಣಗಾಗಿ ಮೇವು ಕಮ್ಮಿಯಾದಾಗ. ರೋಹು ಮರಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಬೆಳ್ಳುಳ್ಳಿ ತಿಂದ ಮರಿಗಳು ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾವನ್ನು ಉಳಿದವುಗಳಿಗಿಂತ ಚೆನ್ನಾಗಿ ತಾಳಿಕೊಂಡವು. ಮೈಮೇಲೆ ಕೆಂಪು ಹುಣ್ಣು ಎಬ್ಬಿಸುವುದು, ಹೊಟ್ಟೆಯಲ್ಲಿ ನೀರು ತುಂಬಿಸುವುದು ಈ ಬ್ಯಾಕ್ಟೀರಿಯಾ. ಹತ್ತು ದಿನಕ್ಕೆ ಸಾವಿರ ರೂಪಾಯಿ ಖರ್ಚಾಗಿ ಮರಿ ಉಳಿದರೆ ಅದು ಒಳ್ಳೆಯ ವ್ಯಾಪಾರವೇ. ಆದರೆ ಮೀನಿಗೆ ಹೇನು ಹತ್ತಿದಾಗ ಬೆಳ್ಳುಳ್ಳಿ ನೆಚ್ಚಿಕೊಂಡು ಕೂರಬೇಡಿ.

ಹಾಕುವ ರೀತಿಯಲ್ಲೂ ಒಂದು ಗುಟ್ಟಿದೆ. ಬೆಳ್ಳುಳ್ಳಿಯ ಖಾರದ ವಾಸನೆಗೆ ಕಾರಣ ಅಲಿಸಿನ್. ಇಡೀ ಎಸಳಿನಲ್ಲಿ ಅದು ಇರುವುದಿಲ್ಲ, ಜಜ್ಜಿದಾಗ ಹುಟ್ಟುತ್ತದೆ. ಬಿಸಿ ಮಾಡಿದರೆ ಅದನ್ನು ಹುಟ್ಟಿಸುವ ಕಿಣ್ವವೇ ಸಾಯುತ್ತದೆ. ಅದಕ್ಕೇ ಹಿಂಡಿ ಬೇಯಿಸುವಾಗ ಬೆಳ್ಳುಳ್ಳಿ ಸೇರಿಸಿದರೆ ದಂಡ. ನಾನು ಮಾಡುವುದು ಹೀಗೆ: ಒರಳಲ್ಲಿ ಜಜ್ಜಿ ಹತ್ತು ನಿಮಿಷ ಬಿಡುತ್ತೇನೆ. ಕಣ್ಣು ಉರಿಯುವಷ್ಟು ಘಾಟು ಏಳುತ್ತದೆ. ಆಮೇಲೆ ಆರಿದ ಅಕ್ಕಿ ಗಂಜಿಯಲ್ಲಿ ಕಲಸಿ ತೇಲುವ ಗುಳಿಗೆಗೆ (ಕಂಪನಿಯಿಂದ ಬರುವ ಸಿದ್ಧ ಮೀನಿನ ಆಹಾರ) ಸವರಿ, ಅರ್ಧ ಗಂಟೆ ನೆರಳಲ್ಲಿ ಹರಡುತ್ತೇನೆ. ಗುಳಿಗೆ ಕೈಗೆ ಅಂಟದಂತೆ ಆದಾಗ ಹೊಂಡಕ್ಕೆ. ಗಂಜಿ ಹಚ್ಚದೆ ಹಾಕಿದರೆ ಬೆಳ್ಳುಳ್ಳಿ ಎಲ್ಲ ನೀರು ಪಾಲು.

ಮೆಂತ್ಯದ ಲೆಕ್ಕ ಬೇರೆ. ನೂರಕ್ಕೆ 1 ಪಾಲು, ಅಂದರೆ ದಿನಕ್ಕೆ 180 ಗ್ರಾಂ. ಕಿಲೋಗೆ 100 ರೂಪಾಯಿ ಹಿಡಿದರೂ ದಿನಕ್ಕೆ 18 ರೂಪಾಯಿ ಮಾತ್ರ. ಇದನ್ನು ತಿಂಗಳುಗಟ್ಟಲೆ ಹಾಕಬಹುದು. ಮೆಂತ್ಯ ನೆನೆಸಿದಾಗ ಲೋಳೆ ಬರುತ್ತದಲ್ಲ, ಆ ಲೋಳೆ ಮನೆಯಲ್ಲಿ ಮಾಡುವ ಹಿಂಡಿ ಉಂಡೆಗೆ ಒಳ್ಳೆಯ ಅಂಟು. ನೀರಿಗೆ ಬಿದ್ದ ಉಂಡೆ ಬೇಗ ಕರಗುವುದಿಲ್ಲ. ನನ್ನ ಪ್ರಕಾರ ಮೆಂತ್ಯದ ಅರ್ಧ ಲಾಭ ಇಲ್ಲೇ ಇದೆ, ಯಾಕೆಂದರೆ ಕರಗಿದ ಹಿಂಡಿ ಮೀನಿನ ಹೊಟ್ಟೆಗಿಂತ ಕೆಸರಿಗೇ ಜಾಸ್ತಿ ಹೋಗುತ್ತದೆ. ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ರುಬ್ಬಿ, ತೌಡು-ಹಿಂಡಿಗೆ ಕಲಸಿ ಕಟ್ಟಿದ ಉಂಡೆಯನ್ನು ಒಂದು ಬಕೆಟ್ ನೀರಿಗೆ ಹಾಕಿ ನೋಡಿ. ಪಕ್ಕದಲ್ಲೇ ಮೆಂತ್ಯ ಇಲ್ಲದ ಉಂಡೆ ಹಾಕಿ. ವ್ಯತ್ಯಾಸ ನಿಮ್ಮ ಕಣ್ಣಿಗೇ ಕಾಣುತ್ತದೆ. ಆದರೆ ಅತಿ ಆಸೆಗೆ 3, 4 ಪಾಲು ಹಾಕಬೇಡಿ. ಅದೇ ಲೋಳೆ ಕರುಳಲ್ಲಿ ಗಟ್ಟಿಯಾಗಿ ಆಹಾರ ಅರಗುವುದಕ್ಕೆ ಅಡ್ಡಿ ಮಾಡುತ್ತದೆ. ಕಹಿಗೆ ಮೀನು ಮುಖ ತಿರುಗಿಸುವುದೂ ಉಂಟು.

ಅರಿಶಿನ ನೂರಕ್ಕೆ ಅರ್ಧ ಪಾಲು ಸಾಕು. ದಿನಕ್ಕೆ 90 ಗ್ರಾಂ, ಪುಡಿಯ ಖರ್ಚು ಮೆಂತ್ಯದಷ್ಟೇ, ಕಲಸುವ ಎಣ್ಣೆಯದ್ದು ಬೇರೆ. ಅರಿಶಿನದ ಗುಣವಿರುವುದು ಕುರ್ಕುಮಿನ್‌ನಲ್ಲಿ. ಅದು ನೀರಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೆ ಒಂದು ಕಿಲೋ ಗುಳಿಗೆಗೆ 20 ಮಿಲಿಲೀಟರ್ ಎಣ್ಣೆಯಲ್ಲಿ ಕಲಸಿ ಸವರಿ. ಬೆಳವಣಿಗೆಗಿಂತ ಲಿವರ್‌ಗೆ, ರೋಗ ತಡೆಯುವ ಶಕ್ತಿಗೆ ಇದು ಜಾಸ್ತಿ ಉಪಯೋಗ. ಅಂಗಡಿಯ ಅಗ್ಗದ ಪುಡಿ ಮಾತ್ರ ಬೇಡ. ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಸೀಸ ಮೀನಿನ ಮೈಗೆ ಸೇರಿ ಅಲ್ಲಿಂದ ನಮ್ಮ ತಟ್ಟೆಗೆ ಬರುತ್ತದೆ. ಚಾಮರಾಜನಗರದ ಕಡೆಯವರಾದರೆ ನಿಮಗೆ ಹೇಳಬೇಕಿಲ್ಲ, ಕೊಂಬು ತಂದು ಗಿರಣಿಯಲ್ಲಿ ಪುಡಿ ಮಾಡಿಸಿಕೊಳ್ಳಿ.

ನುಗ್ಗೆ, ನೀರಿನ ಮೇಲೆ ತೇಲಿ ಬೆಳೆಯುವ ಪುಟ್ಟ ಸಸ್ಯ ಅಜೋಲ್ಲಾ, ಇವೆರಡೂ ಉಪ್ಪಿನಕಾಯಿಯ ಸಾಲಿಗೆ ಸೇರುವುದಿಲ್ಲ, ಪಲ್ಯದ ಸಾಲಿಗೆ ಸೇರುತ್ತವೆ. ಅಂದರೆ ಇವು ಔಷಧಿ ಅಲ್ಲ, ಆಹಾರದ ಒಂದು ಪಾಲು. ಒಣಗಿದ ನುಗ್ಗೆ ಸೊಪ್ಪಿನಲ್ಲಿ ನೂರಕ್ಕೆ 25ರ ಆಸುಪಾಸು ಪ್ರೋಟೀನ್ ಇರುತ್ತದೆ. ಬೇಲಿಯಲ್ಲಿ ನಾಲ್ಕು ಮರ ಇದ್ದರೆ ದುಡ್ಡಿನ ಖರ್ಚೇ ಇಲ್ಲ, ಕೂಲಿ ಮಾತ್ರ. ಆದರೆ ಕೂಲಿಯನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಹೊಂಡಕ್ಕೆ ನೂರಕ್ಕೆ 5 ಪಾಲು ಹಾಕಲು ದಿನಕ್ಕೆ 900 ಗ್ರಾಂ ಒಣಸೊಪ್ಪು ಬೇಕು. ಅದಕ್ಕೆ ನಾಲ್ಕೈದು ಕಿಲೋ ಹಸಿ ಸೊಪ್ಪು ಬಿಡಿಸಬೇಕು. ದಿನಾ ಆಗುವ ಕೆಲಸವೇ ಯೋಚಿಸಿ. ಬಿಡಿಸಿದ ಸೊಪ್ಪನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ನೆರಳಲ್ಲಿ ಒಣಗಿಸಿದರೆ ಸಪೋನಿನ್ ಕಡಿಮೆಯಾಗುತ್ತದೆ. 10 ಪಾಲಿನ ಗೆರೆ ದಾಟಬೇಡಿ. ತಿಲಾಪಿಯಾದ ಮೇಲೆ ಮಾಡಿದ ಪ್ರಯೋಗಗಳಲ್ಲಿ ನುಗ್ಗೆ ಜಾಸ್ತಿಯಾದಾಗ ಬೆಳವಣಿಗೆ ಹಿಂದೆ ಬಿದ್ದಿದೆ.

ಅಜೋಲ್ಲಾ ಬಗ್ಗೆ ಕೇಳಿದ್ದೆಲ್ಲ ನಂಬಬೇಡಿ, ತಳ್ಳಿಯೂ ಹಾಕಬೇಡಿ. ಪ್ರೋಟೀನ್ ಇರುವುದು ನಿಜ, ಆದರೆ ಹಸಿ ಅಜೋಲ್ಲಾದಲ್ಲಿ ನೂರಕ್ಕೆ 93ಕ್ಕಿಂತ ಹೆಚ್ಚು ಪಾಲು ನೀರು. ಒಂದು ಬುಟ್ಟಿ, ಅಂದರೆ 10 ಕಿಲೋ ಎತ್ತಿ ಹಾಕಿದರೆ ಮೀನಿಗೆ ಸಿಗುವ ಒಣ ಆಹಾರ ಅರ್ಧ ಕಿಲೋಗಿಂತ ಸ್ವಲ್ಪ ಜಾಸ್ತಿ. ಹುಲ್ಲುಗೆಂಡೆ, ತಿಲಾಪಿಯಾ ಇದನ್ನು ಆಸೆಪಟ್ಟು ತಿನ್ನುತ್ತವೆ. ಕಟ್ಲಾ ಹೆಚ್ಚಾಗಿ ನೀರಿನ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಮೀನು, ಅದಕ್ಕೆ ಅಜೋಲ್ಲಾ ತೋರಿಸಿ ಪ್ರಯೋಜನ ಕಡಿಮೆ. ಮೀನಿರುವ ಹೊಂಡದಲ್ಲೇ ಅಜೋಲ್ಲಾ ಬೆಳೆಸುವ ಯೋಚನೆ ಬಿಡಿ. ಮೇಲೆ ಹಾಸು ಹಾಸಿದಂತೆ ಮುಚ್ಚಿಕೊಂಡರೆ ಬಿಸಿಲು ಇಳಿಯುವುದಿಲ್ಲ, ಆಮ್ಲಜನಕ ಹುಟ್ಟುವುದಿಲ್ಲ. ಬೇರೆ ಗುಂಡಿಯಲ್ಲಿ ಟಾರ್ಪಾಲು ಹಾಸಿ ಬೆಳೆಸಿ. ಚರಂಡಿ ನೀರು ಸೇರುವ ಕೆರೆಯಿಂದ ತರಲೂ ಬೇಡಿ, ಕೊಳಕು ನೀರಿನ ಸೀಸ, ಕ್ಯಾಡ್ಮಿಯಂ ಎಲ್ಲವನ್ನೂ ಅದು ಹೀರಿಕೊಂಡಿರುತ್ತದೆ.

ಪ್ಯಾಕೆಟ್ ಪುಡಿಗಳು

ಯುರೋಪ್ ಒಕ್ಕೂಟ 2006ರ ಜನವರಿಯಿಂದ ಬೆಳವಣಿಗೆಗೆಂದು ಆಹಾರದಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಪೂರ್ತಿ ನಿಷೇಧಿಸಿತು. ಅದಾದ ಮೇಲೆ ಗಿಡಮೂಲಿಕೆ ಪುಡಿಗಳಿಗೆ ಎಲ್ಲೆಡೆ ಬೇಡಿಕೆ ಬಂತು. ಒಳ್ಳೆಯ ಬದಲಾವಣೆಯೇ. ಆದರೆ ಅದರ ಜೊತೆಗೆ ಏನೇನೋ ಪುಡಿಗಳೂ ಬಂದವು. ನಾನೂ ಒಮ್ಮೆ 10 ಕಿಲೋ ಚೀಲ ತಂದಿದ್ದೆ. ಹಸಿರು ಬಣ್ಣದ ಚೀಲ, ಮೇಲೆ ಎಲೆಯ ಚಿತ್ರ, ದೊಡ್ಡ ಮೀನಿನ ಚಿತ್ರ. ಒಳಗೆ ಏನಿದೆ ಎಂದು ಒಂದು ಸಾಲೂ ಇಲ್ಲ. ಎರಡು ತಿಂಗಳು ಹಾಕಿದೆ. ತೂಕ ನೋಡಿದರೆ ಹಾಕದ ಹೊಂಡಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಮೂಗಿನ ಹತ್ತಿರ ಹಿಡಿದರೆ ತೌಡಿನ ವಾಸನೆ. ಆ ದುಡ್ಡಿಗೆ ಇವತ್ತೂ ಹೊಟ್ಟೆ ಉರಿಯುತ್ತದೆ.

ಅಂಗಡಿಯವರನ್ನು ಕೇಳಲೇಬೇಕಾದ್ದು ಇಷ್ಟು: ಯಾವ ಗಿಡ, ಗಿಡದ ಯಾವ ಭಾಗ, ಎಷ್ಟು ಪಾಲು, ತಯಾರಿಸಿದ ದಿನಾಂಕ ಯಾವುದು. ಜೊತೆಗೆ ಆಂಟಿಬಯೋಟಿಕ್ ಇಲ್ಲ ಎಂದು ಬರಹದಲ್ಲಿ ಇರಬೇಕು. ಮೀನು ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಹೆಸರಿಲ್ಲದ ಪುಡಿಯಲ್ಲಿ ಏನು ಬೆರೆತಿದೆಯೋ ಯಾರಿಗೆ ಗೊತ್ತು? ವಾರದಲ್ಲಿ ಕಣ್ಣಿಗೆ ಕಾಣುವಷ್ಟು ಫಲ ಕೊಟ್ಟರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ಅನುಮಾನ ಇದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹೆಸರಘಟ್ಟದ ಮೀನುಗಾರಿಕಾ ಸಂಶೋಧನಾ ಕೇಂದ್ರದಲ್ಲಿ, ಇಲ್ಲವೇ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಕೇಳಿ.

ಮಾಂಸದ ಗುಣ ಸುಧಾರಿಸಬೇಕೆಂದರೆ

ಇಲ್ಲಿ ನಿಧಾನವಾಗಿ ಓದಿ. ತೂಕ ಬಂದರೂ ಗಿರಾಕಿ ಮತ್ತೆ ಬರುವುದು ರುಚಿ ನೋಡಿಯೇ ಅಲ್ವಾ? ನಮ್ಮ ಕೆರೆ ಮೀನಿನ ಮೇಲೆ ಜನರ ದೊಡ್ಡ ದೂರು ಎರಡು. ಒಂದು, ಕೆಸರು ವಾಸನೆ. ಇನ್ನೊಂದು, ಮಾಂಸ ಮೆತ್ತಗೆ, ಹೊಟ್ಟೆ ತುಂಬ ಕೊಬ್ಬು.

ಕೆಸರು ವಾಸನೆ ಕೆಸರಿನದ್ದಲ್ಲ. ನೀಲಿ-ಹಸಿರು ಪಾಚಿ ಮತ್ತು ತಳದ ಕೆಲವು ಬ್ಯಾಕ್ಟೀರಿಯಾ ಬಿಡುವ ಜಿಯೋಸ್ಮಿನ್ ಎಂಬ ವಸ್ತುವಿನದ್ದು. ಅದು ಹೆಚ್ಚಾಗಿ ಕಿವಿರಿನ ಮೂಲಕ ಒಳಗೆ ಹೋಗಿ ಕೊಬ್ಬಿನಲ್ಲಿ ಕೂರುತ್ತದೆ. ಯಾವ ಪುಡಿ ತಿನ್ನಿಸಿದರೂ ಅದು ಹೋಗುವುದಿಲ್ಲ. ಹೋಗಬೇಕಾದರೆ ಮೀನನ್ನು ಪಾಚಿ ಇಲ್ಲದ ಶುದ್ಧ ನೀರಿನಲ್ಲಿ, ಮೇವು ಕೊಡದೆ, ಕೆಲವು ದಿನ ಇಡಬೇಕು. ಬೋರ್‌ವೆಲ್ ನೀರಿನ ಸಿಮೆಂಟ್ ತೊಟ್ಟಿ ಇದ್ದರೆ ಸಾಕು. ಕೊಬ್ಬು ಜಾಸ್ತಿ ಇರುವ ಮೀನಿಗೆ ಹೆಚ್ಚು ದಿನ ಬೇಕು. ಹಾಗಾಗಿ ಎರಡು ದೂರಿಗೂ ಬೇರು ಒಂದೇ ಕಡೆ ಇದೆ.

ಕೊಬ್ಬು ಬರುವುದು ಎಲ್ಲಿಂದ? ಎಣ್ಣೆ ತೆಗೆಯದ ತೌಡಿನಲ್ಲಿ ನೂರಕ್ಕೆ 12ರಿಂದ 18 ಪಾಲು ಎಣ್ಣೆ. ಗಿರಣಿಯಿಂದ ಬಂದ ಕೆಲವೇ ದಿನಕ್ಕೆ ಆ ಎಣ್ಣೆ ಮುಗ್ಗಲಾಗುತ್ತದೆ. ಮುಗ್ಗಲು ತೌಡು ತಿಂದ ಮೀನಿನ ಹೊಟ್ಟೆ ಸೀಳಿ ನೋಡಿ. ಕರುಳಿನ ಸುತ್ತ ಹಳದಿ ಕೊಬ್ಬು, ಲಿವರ್ ಕೆಂಪಗಿರುವ ಬದಲು ಪೇಲವ ಕಂದು. ಚೆನ್ನಾಗಿರುವ ಮೀನಿನ ಲಿವರ್ ಹೊಳೆಯುತ್ತದೆ. ಮಾಂಸದ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಉಳಿಯಬಾರದು. ಕೊನೆಯ ಎರಡು ತಿಂಗಳು ಎಣ್ಣೆ ತೆಗೆದ ತೌಡಿಗೆ ಬದಲಾಯಿಸಿ, ಅದರ ಜೊತೆ ನುಗ್ಗೆಯನ್ನೋ ಅರಿಶಿನವನ್ನೋ ಕೊಟ್ಟರೆ ಆಗ ಈ ಪದಾರ್ಥಗಳಿಗೆ ಬೆಲೆ. ಎಣ್ಣೆ ಮುಗ್ಗಲಾಗದಂತೆ ತಡೆಯುವ ಗುಣ ಅವುಗಳಲ್ಲಿದೆ. ಮುಗ್ಗಲು ತೌಡಿನ ಮೇಲೆ ಅರಿಶಿನ ಉದುರಿಸಿದರೆ ಹುಳುಕು ಹಲ್ಲಿಗೆ ಲವಂಗ ಒತ್ತಿದಂತೆ ಅಷ್ಟೆ. ಕಡಲೆಕಾಯಿ ಹಿಂಡಿಗೂ ಇದೇ ಮಾತು. ಬೂಷ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಇರುತ್ತದೆ, ಅದು ಲಿವರ್ ತಿನ್ನುವ ವಿಷ. ಅಂಥ ಹಿಂಡಿಯನ್ನು ತಿಪ್ಪೆಗೆ ಹಾಕಿ.

ಗಿಡದ ಆಹಾರದಿಂದ ಮಾಂಸ ನಿಜಕ್ಕೂ ಬದಲಾಗುತ್ತದೆ ಎಂಬುದಕ್ಕೆ ಚೀನಾದಲ್ಲಿ ಒಂದು ಗಟ್ಟಿ ಉದಾಹರಣೆ ಇದೆ. ಗುವಾಂಗ್‌ಡಾಂಗ್ ಪ್ರಾಂತ್ಯದ ಝೊಂಗ್‌ಶಾನ್‌ನಲ್ಲಿ ಬೆಳೆದ ಹುಲ್ಲುಗೆಂಡೆಗೆ ಕೊನೆಯ ಮೂರು ನಾಲ್ಕು ತಿಂಗಳು ನೆನೆಸಿದ ಬಾಕಳ (ಫಾವಾ ಬೀನ್) ಕಾಳನ್ನೇ ತಿನ್ನಿಸುತ್ತಾರೆ. ಮಾಂಸ ಎಷ್ಟು ಬಿಗಿಯಾಗುತ್ತದೆ ಎಂದರೆ ಬೇಯಿಸಿದ ಮೇಲೂ ಕಚ್ಚಿದರೆ ಕರುಂ ಎನ್ನುತ್ತದೆ. ಬೆಲೆಯೂ ಮಾಮೂಲಿ ಹುಲ್ಲುಗೆಂಡೆಗಿಂತ ಹೆಚ್ಚು. ಆದರೆ ಆ ತಿಂಗಳುಗಳಲ್ಲಿ ಬೆಳವಣಿಗೆ ನಿಧಾನವಾಗುತ್ತದೆ, ಬಾಕಳದಿಂದ ಮೀನಿನ ಕೆಂಪು ರಕ್ತಕಣಗಳಿಗೂ ಪೆಟ್ಟು ಬೀಳುತ್ತದೆ. ತೂಕವೂ ಬೇಕು, ಬಿಗಿ ಮಾಂಸವೂ ಬೇಕು, ಅದೂ ಒಂದೇ ವಾರದಲ್ಲಿ ಎಂದು ಯಾರಾದರೂ ಪುಡಿ ಮಾರಿದರೆ ಈ ಮೀನನ್ನು ನೆನೆಸಿಕೊಳ್ಳಿ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಚೆಂಡು ಹೂವಿನ ಲೂಟೀನ್, ಬ್ಯಾಡಗಿ ಮೆಣಸಿನಕಾಯಿಯ ಕೆಂಪು, ಎರಡೂ ಅಲಂಕಾರಿಕ ಮೀನಿಗೆ, ಕೆಂಪು ತಿಲಾಪಿಯಾಕ್ಕೆ ಚೆನ್ನಾಗಿ ಒಪ್ಪುತ್ತವೆ. ರೋಹು-ಕಟ್ಲಾಗೆ ದಂಡದ ಖರ್ಚು. ಪಂಗಾಸಿಯಸ್ ಸಾಕುವವರು ಮಾತ್ರ ಇಲ್ಲಿ ಎಚ್ಚರವಾಗಿರಿ. ಆ ಮೀನಿನ ಮಾಂಸ ಬೆಳ್ಳಗಿದ್ದರೆ ಒಳ್ಳೆಯ ಬೆಲೆ, ಹಳದಿಯಾದರೆ ವ್ಯಾಪಾರಿ ಮೂಗು ಮುರಿಯುತ್ತಾನೆ. ಮೆಕ್ಕೆಜೋಳ, ಚೆಂಡು ಹೂವು, ಹಸಿರು ಪಾಚಿ ಮಾಂಸವನ್ನು ಹಳದಿ ಮಾಡುತ್ತವೆ. ಅರಿಶಿನವನ್ನೂ ಅವಕ್ಕೆ ಹಾಕದಿರುವುದೇ ವಾಸಿ.

ನಾನಾದರೆ ಯಾವುದು ಆರಿಸುತ್ತೇನೆ?

ಕೃಷಿ ಹೊಂಡದಲ್ಲಿ ಕಟ್ಲಾ, ರೋಹು, ಗೆಂಡೆ ಬಿಟ್ಟು, ಹಿಂಡಿ ಉಂಡೆ ಮನೆಯಲ್ಲೇ ಕಟ್ಟುವವರಿಗೆ ಮೆಂತ್ಯ. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಮರಿ ಬಿಟ್ಟಾಗ, ಚಳಿ ಶುರುವಾದಾಗ ಹತ್ತು ದಿನ ಬೆಳ್ಳುಳ್ಳಿ. ಹುಲ್ಲುಗೆಂಡೆ ಅಥವಾ ತಿಲಾಪಿಯಾ ಇದ್ದು ಮನೆಯಲ್ಲಿ ಕೈಗಳು ಜಾಸ್ತಿ ಇದ್ದರೆ ಅಜೋಲ್ಲಾ, ಬೇಲಿಯಲ್ಲಿ ಮರ ಇದ್ದರೆ ನುಗ್ಗೆ. ಕಂಪನಿಯ ತೇಲುವ ಗುಳಿಗೆಯನ್ನೇ ಹಾಕುವವರಿಗೆ ಪ್ರೋಟೀನ್ ಆಗಲೇ ಸರಿ ಇರುತ್ತದೆ, ಅವರಿಗೆ ಮೆಂತ್ಯದ ಅಂಟೂ ಬೇಡ. ದಟ್ಟವಾಗಿ ಸಾಕಿ ಮೀನಿಗೆ ಒತ್ತಡ ಜಾಸ್ತಿಯಿದ್ದರೆ ಎಣ್ಣೆಯಲ್ಲಿ ಕಲಸಿದ ಅರಿಶಿನ ಹಾಕಿ ನೋಡಬಹುದು. ಅಶ್ವಗಂಧ, ನೆಲ್ಲಿಕಾಯಿ, ತುಳಸಿ ಬಗ್ಗೆಯೂ ಪ್ರಯೋಗಗಳು ನಡೆದಿವೆ. ಆದರೆ ಅವುಗಳ ಬೆಲೆ ನೋಡಿದರೆ ಮಾರಾಟದ ಮೀನಿಗಿಂತ ತಾಯಿ ಮೀನಿಗೆ ಇಟ್ಟುಕೊಳ್ಳುವುದು ಲೇಸು.

ನನ್ನ ಮಾತನ್ನೂ ಹಾಗೇ ನಂಬಬೇಡಿ. ಹೊಂಡದಲ್ಲೇ ಎರಡು ಹಾಪಾ ಬಲೆ ಕಟ್ಟಿ, ಅಂದರೆ ಸೊಳ್ಳೆಪರದೆಯನ್ನು ತಲೆಕೆಳಗು ಮಾಡಿದಂಥ ಬಲೆಯ ತೊಟ್ಟಿ. ನಾಲ್ಕು ಕಟ್ಟಿದರೆ ಇನ್ನೂ ಒಳ್ಳೆಯದು, ಎರಡಕ್ಕೆ ಪುಡಿ ಬೆರೆಸಿದ್ದು, ಎರಡಕ್ಕೆ ಬೆರೆಸದ್ದು. ಒಂದೊಂದಕ್ಕೂ ಒಂದೇ ಗಾತ್ರದ 40 ಮರಿ. ಬಕೆಟ್‌ನಲ್ಲಿ ನೀರಿಟ್ಟು ತೂಕ ನೋಡಿ, ಆಮೇಲೆ ಮರಿ ಹಾಕಿ ಮತ್ತೆ ತೂಕ ನೋಡಿ. ಒದ್ದೆ ಮರಿಯನ್ನು ಬರಿ ತಕ್ಕಡಿಗೆ ಹಾಕಿ ಒದ್ದಾಡಿಸಬೇಡಿ. ಎಲ್ಲಕ್ಕೂ ಒಂದೇ ಹೊತ್ತಿಗೆ, ಒಂದೇ ತೂಕದ ಆಹಾರ. ಹದಿನೈದು ದಿನಕ್ಕೊಮ್ಮೆ ತೂಕ ಬರೆದಿಟ್ಟು 60 ದಿನ ನಡೆಸಿ. ಹಾಕಿದ ಆಹಾರದ ಕಿಲೋವನ್ನು ಏರಿದ ತೂಕದ ಕಿಲೋದಿಂದ ಭಾಗಿಸಿ. ಒಂದು ಕಿಲೋ ತೂಕ ಏರಲು ಎಷ್ಟು ಕಿಲೋ ಆಹಾರ ಹೋಯಿತು ಎಂಬುದು ಸಿಗುತ್ತದೆ, ಅದು ಕಡಿಮೆಯಾದಷ್ಟೂ ಒಳ್ಳೆಯದು. ಒಂದು ಕಡೆ 1.8 ಬಂದು ಇನ್ನೊಂದು ಕಡೆ 1.75 ಬಂದರೆ ಹಿಗ್ಗಬೇಡಿ, ಅಷ್ಟು ಏರುಪೇರು ಸುಮ್ನೆ ಬರುತ್ತದೆ. 1.8 ಇದ್ದದ್ದು 1.6ರ ಹತ್ತಿರ ಇಳಿದು, ಎರಡೂ ಹಾಪಾದಲ್ಲಿ ಹಾಗೇ ಬಂದರೆ ಆಗ ಪುಡಿಯ ಖರ್ಚು ಕೂಡಿಸಿ ನೋಡಿ.

ಆ ಪಕ್ಕದೂರಿನ ರೈತರು ದೀಪಾವಳಿ ಹೊತ್ತಿಗೆ ಮತ್ತೆ ಬಂದಿದ್ದರು. ಹಿಂಡಿ ಶುರು ಮಾಡಿದ್ದಾರಂತೆ, ಮೀನು ಬೆನ್ನು ದಪ್ಪ ಆಗಿದೆಯಂತೆ. ಈ ಸಲ ಕೇಳಿದ್ದು ಬೆಳ್ಳುಳ್ಳಿ ಬಗ್ಗೆ ಅಲ್ಲ. "ಅಣ್ಣಾ, ಹಾಪಾ ಬಲೆ ಎಲ್ಲಿ ಸಿಗುತ್ತೆ?" ಎಂದರು. ನಮ್ಮಲ್ಲಿದ್ದ ಎರಡನ್ನು ತೊಳೆದು ಕೊಟ್ಟು ಕಳಿಸಿದೆ.